ಸ್ಥಳೀಯ ಪರಂಪರೆ ಮತ್ತು ಕುಟುಂಬ ದಾಖಲೆಗಳ ಸಂರಕ್ಷಣೆ: ಜೋಗುಪಾಳ್ಯ ಪರಿಸರ

ಬೆಂಗಳೂರಿನ ಹಲಸೂರು, ದೊಮ್ಮಲೂರು ಮತ್ತು ಇಂದಿರಾನಗರಗಳ ನಡುವೆ ಇರುವ ಜೋಗುಪಾಳ್ಯದ ಸುತ್ತಮುತ್ತಲಿನ ಚರಿತ್ರೆಗೆ ಶಿಲಾಶಾಸನಗಳು, ದೇವಾಲಯಗಳು ಹಾಗೂ ಮನೆತನಗಳ ಕಾಗದಪತ್ರಗಳು ಮುಖ್ಯ ಆಧಾರಗಳಾಗಿವೆ. ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದ ತಮಿಳು ಶಾಸನವೊಂದು ತಲೈಕ್ಕಾಟ್ಟು ಎಂಬಾತನೂ ಅವನ ಪತ್ನಿಯೂ ದೇವರಿಗೆ ಬಿಟ್ಟ ದತ್ತಿಯನ್ನು, ಅಂದರೆ ಶಾಶ್ವತ ದಾನವನ್ನು, ದಾಖಲಿಸಿರುವುದರಿಂದ ಅದನ್ನು ಕಲ್ಲಿನ ಮೇಲಿನ ಕುಟುಂಬ ದಾಖಲೆಯೆಂದೂ ಪರಿಗಣಿಸಬಹುದು.

ಬಿ. ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 9ನೆಯ ಸಂಪುಟ (1905) ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಒಟ್ಟುಗೂಡಿಸಿತು. ನಗರ ಬೆಳೆದಂತೆ ಕೆಲವು ಕಲ್ಲುಗಳು ಕಣ್ಮರೆಯಾದುದರಿಂದ ಅವುಗಳ ಪಾಠಕ್ಕೆ ಈ ಸಂಪುಟವೇ ಆಸರೆಯಾಗಿದೆ. 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿ ಎಂಬ ಸಂಸ್ಥೆಯು 2021ರಲ್ಲಿ ಆರಂಭಿಸಿದ ಯೋಜನೆಯಡಿ, ಉಳಿದಿರುವ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ, ಸವೆದ ಅಕ್ಷರಗಳನ್ನೂ ಓದಲು ನೆರವಾಗುವ ಡಿಜಿಟಲ್ ಪ್ರತಿಗಳನ್ನು ಸಿದ್ಧಪಡಿಸುತ್ತಿದೆ.

ಮನೆಗಳಲ್ಲಿರುವ ಕ್ರಯಪತ್ರ, ಜಾತಕ, ಲಗ್ನಪತ್ರಿಕೆ, ಫೋಟೊಗಳಿಗೆ ತೇವ, ಗೆದ್ದಲು ಮತ್ತು ಬಿಸಿಲು ಮುಖ್ಯ ಶತ್ರುಗಳು. ಒಮ್ಮೆ ಮಾಡಿದರೆ ಮತ್ತೆ ಬಿಡಿಸಲಾಗದ ಲ್ಯಾಮಿನೇಷನ್ ಹಾಗೂ ಅಂಟುಪಟ್ಟಿಗಳನ್ನು ಬಿಟ್ಟು, ಆಮ್ಲರಹಿತ ಕಾಗದದಲ್ಲಿ, ಅಂದರೆ ಕಾಲಕ್ರಮದಲ್ಲಿ ಮೂಲಪತ್ರವನ್ನು ಹಳದಿಗಟ್ಟಿಸದ ಕಾಗದದಲ್ಲಿ ಸುತ್ತಿ, ಗಾಳಿಯಾಡುವ ಒಣ ಜಾಗದಲ್ಲಿಡುವುದು ಉತ್ತಮ ಕ್ರಮ. ಫೋಟೊದಲ್ಲಿರುವವರ ಹೆಸರು, ಊರು, ವರ್ಷಗಳನ್ನು ಹಿರಿಯರಿಂದ ಕೇಳಿ ಬರೆದಿಡುವುದು ಅಷ್ಟೇ ಅಗತ್ಯ. ಈ ವಿವರಗಳಿಲ್ಲದ ಚಿತ್ರ ಉಳಿದರೂ ಅದು ಹೇಳಬೇಕಾದ ಚರಿತ್ರೆ ಉಳಿಯುವುದಿಲ್ಲ.