ಗಾಳಿ, ಬೇಲಿ, ನಾಯಿಮರಿ ಮತ್ತು ಕ್ಯಾಲೆಂಡರ್ ಹುಡುಗಿ

ಮೊನ್ನೆ ರಾತ್ರಿ ಒಂದು ಬಗ್ ಹುಡುಕ್ತಾ ಕೂತವನು ಹೇಗೋ ಗಿಲ್ ಎಲ್ವ್‌ಗ್ರೆನ್ ಚಿತ್ರಗಳೊಳಗೆ ಸಿಕ್ಕಿಹಾಕಿಕೊಂಡೆ. ಬಗ್ ಇನ್ನೂ ಅಲ್ಲೇ ಇದೆ :-)

ಎಲ್ವ್‌ಗ್ರೆನ್ (1914-1980) ಅಮೆರಿಕದ ಪಿನ್-ಅಪ್ ಚಿತ್ರಕಾರ. ಪಿನ್-ಅಪ್ ಅಂದ್ರೆ ಪಿನ್ ಚುಚ್ಚಿ ಗೋಡೆಗೆ ಹಾಕಿಕೊಳ್ಳೋ ಚೆಲುವೆಯರ ಚಿತ್ರ. 1945ರಿಂದ ಸುಮಾರು ಮೂರು ದಶಕ ಈತ ಬರೆದದ್ದು ಬ್ರೌನ್ ಅಂಡ್ ಬಿಗೆಲೋ ಅನ್ನೋ ಕ್ಯಾಲೆಂಡರ್ ಕಂಪನಿಗೆ. ಗ್ಯಾರೇಜಿನವರು, ಅಂಗಡಿಯವರು ತಮ್ಮ ಹೆಸರು ಅಚ್ಚು ಹಾಕಿಸಿ ಗಿರಾಕಿಗಳಿಗೆ ಹಂಚುತ್ತಿದ್ದ ಕ್ಯಾಲೆಂಡರ್‌ಗಳು ಅವು.

ಬಣ್ಣ ನೋಡಬೇಕು ನೀವು! ಹಿಂದೆ ಸಪ್ಪೆ ಹಿನ್ನೆಲೆ, ಮುಂದೆ ಕಣ್ಣು ಕುಕ್ಕೋ ಕೆಂಪು ಇಲ್ಲಾ ಹಳದಿ ಬಟ್ಟೆ, ಬೆಣ್ಣೆಯಂಥ ಮೈಬಣ್ಣ. ಕೋಕಾ-ಕೋಲಾದ ಸಾಂತಾಕ್ಲಾಸ್ ಬರೆದ ಹ್ಯಾಡನ್ ಸಂಡ್‌ಬ್ಲಮ್‌ನ ಪ್ರಭಾವ ಅದು. ಮೊದಲು ಮಾಡೆಲ್‌ನ ಫೋಟೋ ತೆಗೆಯೋದು, ಆಮೇಲೆ ಕ್ಯಾನ್ವಾಸಿನ ಮೇಲೆ ಕಾಲು ಉದ್ದ, ಸೊಂಟ ಸಣ್ಣ, ಕಣ್ಣು ದೊಡ್ಡದು ಮಾಡೋದು. ಫೋಟೋಶಾಪ್ ಹುಟ್ಟೋಕೆ ಎಷ್ಟೋ ವರ್ಷ ಮೊದಲೇ!

ಇನ್ನು ತಮಾಷೆ. ಬೇಲಿಗೆ ಸಿಕ್ಕಿಕೊಂಡ ಲಂಗ, ಕಾಲಿಗೆ ಸುತ್ತಿಕೊಂಡ ನಾಯಿಮರಿಯ ಹಗ್ಗ, ಎಲ್ಲಿಂದಲೋ ಬಂದ ಗಾಳಿ. ಅವಳ ಬಾಯಿ ದುಂಡಗೆ "ಓ!" ಅನ್ನುತ್ತೆ. ನನಗನ್ನಿಸೋದು, ಈ ನಗುವೇ ಇಡೀ ವ್ಯಾಪಾರಕ್ಕೆ ಪರವಾನಗಿ. ನಾಲ್ಕು ಜನ ಓಡಾಡೋ ಕಡೆ ತೂಗುಹಾಕಿದರೂ "ಅಯ್ಯೋ, ತಮಾಷೆ ಚಿತ್ರ ಕಣ್ರೀ" ಅನ್ನಬಹುದಲ್ಲ? ತಪ್ಪು ಅವಳದಲ್ಲ, ನೋಡೋನದೂ ಅಲ್ಲ, ಗಾಳಿಯದು. ಆದರೆ ಆ ಗಾಳಿ ಬೀಸಿಸಿದವನು ಚಿತ್ರಕಾರ ತಾನೇ?

ನಾನೂ ನಕ್ಕೆ, ಸುಳ್ಳು ಹೇಳಲ್ಲ. ಹತ್ತನೇ ಲಂಗ ಬೇಲಿಗೆ ಸಿಕ್ಕಿಕೊಂಡಾಗ ಮಾತ್ರ ನಗು ಬರಲಿಲ್ಲ.

ಆಗ ಸಿಕ್ಕಿದ್ದು ಜೋಯಿ ಮೋಜರ್ಟ್ (1907-1993). ಹೆಂಗಸು, ಅದೇ ಕಂಪನಿಯ ಚಿತ್ರಕಾರ್ತಿ. ಎಷ್ಟೋ ಸಲ ಕನ್ನಡಿ ಇಟ್ಟುಕೊಂಡು ತನಗೆ ತಾನೇ ಮಾಡೆಲ್ ಆಗಿ ಪೇಸ್ಟಲ್‌ನಲ್ಲಿ ಬರೆದವಳು. ಹಾಗೇ ಡ್ವೇನ್ ಬ್ರಯರ್ಸ್‌ನ ಹಿಲ್ಡಾ. 1950ರ ದಶಕದ ಕೊನೆಯ ಹೊತ್ತಿಗೆ ಅದೇ ಕಂಪನಿಯ ಕ್ಯಾಲೆಂಡರ್‌ಗೆ ಬಂದ ಗುಂಡುಗುಂಡಗಿನ ಕೆಂಪುಕೂದಲ ಹುಡುಗಿ. ಅವಳಿಗೂ ಎಡವಟ್ಟುಗಳಾಗುತ್ತವೆ, ಆದರೆ ಅವಳ ಪಾಡಿಗೆ ಅವಳು ಖುಷಿಯಾಗಿದ್ದಾಳೆ. ಯಾರೋ ನೋಡಿಬಿಟ್ಟರು ಅನ್ನೋ ಗಾಬರಿ ಅವಳಿಗಿಲ್ಲ.

ಹಾಗಾದರೆ "ಆ ಕಾಲವೇ ಹಾಗಿತ್ತು" ಅಂತ ಸುಮ್ಮನಾಗೋದು ಹೇಗೆ? ಅದೇ ಕಾಲ, ಅದೇ ಕಂಪನಿ, ಅದೇ ಗೋಡೆ. ನಗಿಸೋಕೆ ಬೇರೆ ದಾರಿಗಳೂ ಇದ್ದವಲ್ಲ.

ಎಲ್ವ್‌ಗ್ರೆನ್‌ನ ಬಣ್ಣಕ್ಕೆ ನಾನು ಈಗಲೂ ಸೋಲ್ತೀನಿ. ಆದರೆ ಡೆಸ್ಕ್‌ಟಾಪ್ ಮೇಲೆ ಹಾಕಿಕೊಂಡಿದ್ದು ಹಿಲ್ಡಾಳನ್ನ. ನೀವಾಗಿದ್ರೆ?