ಹಗೇವಿಲ್ಲದ ಕೇರಿಯ ಒಣಖಂಡ

ನವಲಗುಂದ, ಅಣ್ಣಿಗೇರಿ ಕಡೆಯ ಎರಿ ನಾಡಿನಲ್ಲಿ ಬರಗಾಲದ ಮಾತು ಬಂದರೆ ಹಗೇವಿನ ಮಾತೂ ಬರುತ್ತದೆ. ನೆಲದಲ್ಲಿ ತೋಡಿದ ಆ ಕಣಜದಲ್ಲಿ ಜೋಳ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಆದರೆ ಹಗೇವು ತುಂಬಲು ಹೊಲ ಬೇಕು. ಹೊಲವಿಲ್ಲದ ದಲಿತ ಕೇರಿ ಏನನ್ನು ಕೂಡಿಡಬೇಕು? ಊರಿನ ಸತ್ತ ದನ ಎಳೆದೊಯ್ಯುವ ಕೆಲಸವನ್ನು ಜಾತಿಯ ಕಟ್ಟಳೆ ಆ ಕೇರಿಯ ಮೇಲೆ ಹೊರಿಸಿತ್ತು. ಹಾಗೆ ಕೇರಿಗೆ ಸಿಕ್ಕ ಇಡೀ ದನದ ಮಾಂಸ ಒಂದೆರಡು ದಿನದಲ್ಲಿ ತೀರುವಂಥದ್ದಲ್ಲ. ಅದನ್ನು ಉದ್ದುದ್ದ ಸೀಳಿ, ಉಪ್ಪು ಸವರಿ, ಹಗ್ಗಕ್ಕೆ ಇಳಿಬಿಟ್ಟು ಒಣಗಿಸಿದರೆ ತಿಂಗಳುಗಟ್ಟಲೆ ಬಾಳುತ್ತದೆ. ಈ ಒಣಖಂಡವೇ ಕೇರಿಯ ಹಗೇವು ಎಂದು ನಾನು ಹೇಳುತ್ತೇನೆ. 1876-78ರ ಮಹಾಬರ ಧಾರವಾಡ ಜಿಲ್ಲೆಯನ್ನೂ ಹಿಂಡಿತು. ಬರ ಬಿದ್ದಾಗ ಮೊದಲು ಮೇವು ತೀರುತ್ತದೆ, ದನ ಸಾಯುತ್ತವೆ, ಕಾಳಿನ ಬೆಲೆ ಏರುತ್ತದೆ. ಕಾಳು ಕೈಗೆಟುಕದ ಹೊತ್ತಿಗೇ ಮಾಂಸ ರಾಶಿ ಬೀಳುತ್ತದೆ. ಅದನ್ನು ಉಳಿಸಬಲ್ಲವರಿಗೆ ಮಾತ್ರ ಅದು ಮುಂದಿನ ತಿಂಗಳ ಊಟ. ಆಗ ಉಪ್ಪೂ ಅಗ್ಗದ ಮಾಲಾಗಿರಲಿಲ್ಲ. ಗೋಕರ್ಣದ ಬಳಿಯ ಸಾಣಿಕಟ್ಟೆಯಂಥ ಕರಾವಳಿಯ ಆಗರಗಳಿಂದ ಅದು ಘಟ್ಟ ಹತ್ತಿ ಬರಬೇಕಿತ್ತು, ಮೇಲೆ ಬ್ರಿಟಿಷರ ತೆರಿಗೆ. ಹೀಗಾಗಿ ಬಿಸಿಲೇ ಮುಖ್ಯ ಬಂಡವಾಳ. ಮಲೆನಾಡಿನ ಸೆರಗಿನ ಕಲಘಟಗಿಗಿಂತ ಒಣಹವೆಯ ನವಲಗುಂದಕ್ಕೆ ಇದು ಹೆಚ್ಚು ಒಗ್ಗುವ ವಿದ್ಯೆ.

ಒಣಮಾಂಸ ಅರಸರ ಕಾಲದಿಂದಲೂ ಇದೆ, ಅದನ್ನು ಕೇರಿಗೇ ಕಟ್ಟುವುದೇಕೆ ಎಂದು ಕೇಳಬಹುದು. ನಿಜ, ಅಮರಕೋಶದಲ್ಲೇ ಅದಕ್ಕೆ ವಲ್ಲೂರ ಎಂಬ ಹೆಸರಿದೆ. ಪೆರುವಿನ ಇಂಕಾ ಅರಸರು ಲಾಮಾದ ಒಣಮಾಂಸ ಚಾರ್ಕಿಯನ್ನು ಸರ್ಕಾರಿ ಉಗ್ರಾಣಗಳಲ್ಲೇ ತುಂಬಿಸಿದ್ದರು. ಇಂದು ಪೊಟ್ಟಣದಲ್ಲಿ ಮಾರುವ ಜರ್ಕಿಯ ಹೆಸರು ಅಲ್ಲಿಂದಲೇ ಬಂದದ್ದು. ಮಾಂಸ ಒಣಗಿಸಿ ಉಳಿಸುವ ಉಪಾಯ ಎಲ್ಲರದೂ ಒಂದೇ. ಆದರೆ ಅಲ್ಲಿ ರಾಜ್ಯವೇ ಕೂಡಿಟ್ಟು ಹಂಚಿತು, ಇಲ್ಲಿ ಊರು ಹಂಚದೆ ಬಿಟ್ಟವರು ತಾವೇ ಕೂಡಿಟ್ಟರು.

ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ. 1927ರಲ್ಲಿ ಮಹಾಡದಲ್ಲಿ ಅಂಬೇಡ್ಕರ್ ಅವರೇ ಸತ್ತ ದನದ ಮಾಂಸ ಬಿಡಿರೆಂದು ಕರೆ ಕೊಟ್ಟರು. ಬಿಟ್ಟುಬಂದ ಅವಮಾನವನ್ನು ಮತ್ತೆ ಕೆದಕುವುದೇಕೆ? ಆ ಕರೆ ನ್ಯಾಯದ್ದು, ಅದರಿಂದ ಸಾವಿರಾರು ಜನ ತಲೆಯೆತ್ತಿ ನಡೆದರು. ಅವರು ತಿರಸ್ಕರಿಸಿದ್ದು ಹೇರಿದ ಕೆಲಸವನ್ನು, ಅದಕ್ಕೆ ಅಂಟಿದ ಕೀಳುತನವನ್ನು. ಆ ಹೇರಿಕೆಯ ನಡುವೆಯೂ ಮಕ್ಕಳನ್ನು ಬದುಕಿಸಿಕೊಂಡ ತಾಯಂದಿರ ಜಾಣ್ಮೆಯನ್ನು ಮರೆತರೆ, ಹೇರಿದವರ ತಪ್ಪೂ ಜೊತೆಗೇ ಮರೆಯಾಗುತ್ತದೆ. ನಮ್ಮ ಊಟದ ಇತಿಹಾಸ ಬರೆಯುವವರು ರೊಟ್ಟಿ, ಸಂಡಿಗೆ, ಹಪ್ಪಳಕ್ಕೇ ನಿಂತುಬಿಡುತ್ತಾರೆ. ಮರಾಠವಾಡದ ಶಾಹು ಪಾಟೋಳೆ 2015ರಲ್ಲಿ ದಲಿತರ ಅಡುಗೆಯನ್ನೇ ಮರಾಠಿಯಲ್ಲಿ ಪುಸ್ತಕ ಮಾಡಿದರು, ಒಣಮಾಂಸವನ್ನೂ ಬಿಡದೆ. ಧಾರವಾಡದ ವಿದ್ವಾಂಸರು ನವಲಗುಂದ, ಕುಂದಗೋಳದ ಕೇರಿಗಳಿಗೆ ಹೋಗಿ, ಹಿರಿಯರು ಇರುವಾಗಲೇ ಅವರ ಒಪ್ಪಿಗೆ ಪಡೆದು ಒಣಖಂಡದ ಈ ವಿದ್ಯೆಯನ್ನು ಬರೆದುಕೊಳ್ಳಬೇಕು.