ಯೀಸ್ಟ್ ಚಟುವಟಿಕೆ: ತರಗತಿ ಪ್ರಯೋಗಗಳು
ಸಕ್ಕರೆಯನ್ನು ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯಬಲ್ಲ ಏಕಕೋಶ ಶಿಲೀಂಧ್ರ ಯೀಸ್ಟ್. ಅದರ ಚುರುಕನ್ನು ಅಳೆಯಲು ಬಾಟಲಿಯ ಬಾಯಿಗೆ ಕಟ್ಟಿದ ಬಲೂನು ಸಾಕು. ಉಗುರುಬೆಚ್ಚಗಿನ (35–40° ಸೆ.) ಸಕ್ಕರೆ ನೀರಿನಲ್ಲಿ ಬಲೂನು ಬೇಗ ಉಬ್ಬುತ್ತದೆ, ತಣ್ಣೀರಿನಲ್ಲಿ ನಿಧಾನ. ಕುದಿನೀರಿನಲ್ಲಿ ಕೋಶಗಳೇ ಸಾಯುವುದರಿಂದ ಯೀಸ್ಟ್ ಏನೂ ಮಾಡದು. ಉಪ್ಪು ಹೆಚ್ಚಾದರೂ, ಸಕ್ಕರೆ ಅತಿಯಾದರೂ ಕೋಶದ ನೀರು ಹೊರಬಂದು ಚಟುವಟಿಕೆ ಕುಗ್ಗುತ್ತದೆ. ಒಮ್ಮೆಗೆ ಒಂದೇ ಅಂಶ ಬದಲಿಸಬೇಕು. ಮಕ್ಕಳು ಎಡವುವುದು ಇಲ್ಲೇ. ಹೊರಬಂದ ಅನಿಲ ಸುಣ್ಣದ ತಿಳಿನೀರನ್ನು ಹಾಲಿನಂತೆ ಬೆಳ್ಳಗಾಗಿಸುತ್ತದೆ.

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡದಲ್ಲಿ ಯೀಸ್ಟ್ ಚಟುವಟಿಕೆಯ ಉದಾಹರಣೆ ಅಡುಗೆಮನೆಯಲ್ಲೇ ಸಿಗುತ್ತದೆ: 1966ರಲ್ಲಿ ನೆಲೆಗೊಂಡ ಟಿಬೆಟನ್ ವಸಾಹತಿನವರ ಟಿಂಗ್ಮೊ, ಯೀಸ್ಟಿನಿಂದ ಉಬ್ಬಿಸಿ ಹಬೆಯಲ್ಲಿ ಬೇಯಿಸುವ ಮೈದಾ ತಿನಿಸು. ಇಡ್ಲಿ ಹಿಟ್ಟಿನ ಕಥೆ ಬೇರೆ. ಅದನ್ನು ಹುಳಿಯಾಗಿಸಿ ಉಬ್ಬಿಸುವುದು ಮುಖ್ಯವಾಗಿ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಗಳು.